ಮರಳಿನ ಎಣ್ಣೆ

ಮಧುಗಿರಿ
ತಾರೀಖು 9–3–1943, ಮಂಗಳವಾರ

ಪ್ರೀತಿಯ ತಮ್ಮ ಚನ್ನಮಲ್ಲಯ್ಯನಿಗೆ,

ನಿನ್ನ ಅಕ್ಕ ಸಿದ್ದಗಂಗಮ್ಮ ತಲೆಯ ಮೇಲೆ ಕೈಯಿಟ್ಟು ಮಾಡುವ ಆಶೀರ್ವಾದ. ಕೆಮ್ಮು ಬಿಟ್ಟಿತೇನೋ? ಹೋದ ಕಾಗದದಲ್ಲಿ ನೀನು ಕೆಮ್ಮಿನ ಸುದ್ದಿಯನ್ನು ಒಂದು ಸಾಲಿಗೆ ಮುಗಿಸಿ, ಕಲ್ಲಿನ ಸುದ್ದಿಯನ್ನು ಮೂರು ಪುಟ ಬರೆದಿದ್ದೆ. ಬಿಟ್ಟಿಲ್ಲವೆಂದು ಅದರಿಂದಲೇ ತಿಳಿದುಕೊಂಡೆ. ನಾನು ಕಳಿಸಿದ ಹುರಿಹಿಟ್ಟನ್ನು ರೂಮಿನವರಿಗೆಲ್ಲ ಹಂಚಿ, ನೀನು ಹೋಟೆಲಿನ ಕಾಫಿಯ ಮೇಲೆ ದಿನ ದೂಡುತ್ತಿರುತ್ತೀಯೆ, ನನಗೆ ಗೊತ್ತಿಲ್ಲವೇ. ದಿನಕ್ಕೆರಡು ಸಲ ಮೆಣಸಿನ ಕಷಾಯ ಕುಡಿ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಸ್ಕೂಲಿಗೆ ಈ ವರ್ಷ ನಲವತ್ತೊಂದು ಹೆಣ್ಣುಮಕ್ಕಳು ಬರುತ್ತಿದ್ದಾರೆ, ಮೇಡಮ್ಮ ನಾನೊಬ್ಬಳೇ. ಯುದ್ಧದ ದೆಸೆಯಿಂದ ಕಾರ್ಡಿಗೆ ಈ ತಿಂಗಳು ಸಿಕ್ಕಿದ್ದು ಒಂದೇ ಬಾಟಲಿ ಸೀಮೆಎಣ್ಣೆ, ಅದಕ್ಕೇ ಈ ಕಾಗದವನ್ನು ಹಗಲಲ್ಲೇ, ಮಕ್ಕಳು ಊಟಕ್ಕೆ ಹೋಗಿರುವಾಗ ಬರೆಯುತ್ತಿದ್ದೇನೆ.

ಬರುವ ಸೋಮವಾರ ನೀನು ನಿಮ್ಮ ಭೂಗರ್ಭ ಇಲಾಖೆಯ ದೊಡ್ಡವರ ಮುಂದೆ ವರದಿ ಓದುತ್ತೀಯೆ. ಶಿರಾ ದಾರಿಯಲ್ಲಿರುವ ಗಂಗಹನುಮಯ್ಯನ ಬಾವಿಯಲ್ಲಿ ಸಿಕ್ಕ ಕರಿಕಲ್ಲಿನಲ್ಲಿ ಎಣ್ಣೆ ಇದೆ, ಗಾಡಿ ಕಲ್ಲಿಗೆ ಇಷ್ಟು ಡಬ್ಬ ಬರುತ್ತದೆ, ಸಂಸ್ಥಾನಕ್ಕೆಲ್ಲ ದೀಪಕ್ಕೂ ಬಸ್ಸಿಗೂ ಆಗುತ್ತದೆ ಎಂದು ಹೇಳುತ್ತೀಯೆ. ಹೇಳಬೇಡ. ಆ ಕಲ್ಲಿನಲ್ಲಿ ಎಣ್ಣೆ ಇಲ್ಲ ಕಣೋ ಮಲ್ಲ. ಕಾಗದ ಮಡಿಸಿ ಎಸೆಯಬೇಡ, ಕೂತು ಪೂರ್ತಿ ಓದು.

ಸಂಕ್ರಾಂತಿಗೆ ನೀನು ಬಂದಾಗ ಹಿತ್ತಲಲ್ಲಿ ಮಾಡಿದ್ದು ನೆನಪಿದೆಯಲ್ಲ. ನೀನು ಕಲ್ಲನ್ನು ಕುಟ್ಟಿ ಗಡಿಗೆಗೆ ತುಂಬಿ, ಬಾಯಿಗೆ ಮುಚ್ಚಳವಿಟ್ಟು ಜೇಡಿಮಣ್ಣು ಮೆತ್ತಿ, ಮುಚ್ಚಳಕ್ಕೆ ಸಿಕ್ಕಿಸಿದ ಹಿತ್ತಾಳೆಯ ಕೊಳವೆಗೆ ಒದ್ದೆ ಬಟ್ಟೆ ಸುತ್ತಿ, ಅದರ ತುದಿಗೆ ಲೋಟ ಇಟ್ಟೆ. ಒಂದು ಹೊರೆ ಸೌದೆ ಉರಿದ ಮೇಲೆ ಲೋಟದಲ್ಲಿ ಎರಡು ಚಮಚ ಕಂದು ಎಣ್ಣೆ ನಿಂತಿತ್ತು. ಬತ್ತಿ ಅದ್ದಿ ಹಚ್ಚಿದರೆ ಹೊತ್ತಿಕೊಂಡಿತು. "ಅಕ್ಕಾ, ಕಲ್ಲು ಉರೀತಿದೆ ನೋಡು" ಎಂದು ಲೋಟ ಹಿಡಿದುಕೊಂಡು ಬೀದಿಗೆ ಓಡಿದೆ. ನಿನ್ನ ಕಣ್ಣಲ್ಲಿ ನೀರು ಬಂದಿತ್ತು, ನನಗೂ ಬಂದಿತ್ತು. ಒಂದು ಹೊರೆ ಸೌದೆಗೆ ಎರಡು ಚಮಚ ಎಣ್ಣೆ, ಇದಕ್ಕಿಂತ ಆ ಸೌದೆಯ ಬೆಳಕಲ್ಲೇ ಓದಿಕೊಳ್ಳಬಹುದಿತ್ತಲ್ಲ ಎಂದು ನಾನು ನಕ್ಕಿದ್ದಕ್ಕೆ, ಆ ಲೆಕ್ಕ ದೊಡ್ಡ ಒಲೆಯಲ್ಲಿ ಸರಿಹೋಗುತ್ತದೆ ಎಂದು ನೀನು ಮುಖ ಊದಿಸಿಕೊಂಡಿದ್ದೆ.

ನೀನು ಬಿಟ್ಟುಹೋದ ಕಲ್ಲು ಅರ್ಧ ಮೂಟೆ ಹಿತ್ತಲಲ್ಲೇ ಇತ್ತು. ನಿಜ ಹೇಳುತ್ತೇನೆ, ನನಗೆ ದುರಾಸೆ ಹುಟ್ಟಿತು. ನಿನ್ನ ಎಣ್ಣೆ ಊರಿಗೆಲ್ಲ ಸಿಗುವ ಮೊದಲು ನನ್ನ ಲಾಂದ್ರಕ್ಕೆ ಸಿಗಲಿ ಎಂದು, ಹೋದ ತಿಂಗಳು ಅದೇ ಗಡಿಗೆ ಹೂಡಿದೆ. ಅರ್ಧ ಚಮಚವೂ ಬರಲಿಲ್ಲ. ಕಲ್ಲು ಕಡಿಮೆಯಾಯಿತೇನೋ ಎಂದು ಹೊಸ ಕಲ್ಲು ಬಿಗಿಯಾಗಿ ತುಂಬಿ ಮತ್ತೆ ಹೂಡಿದೆ. ಈ ಸಲ ನಾಲ್ಕು ಹನಿ. ಕಲ್ಲು ಅದೇ ಮೂಟೆಯದು, ಬೆಂಕಿ ಅಷ್ಟೇ, ಗಡಿಗೆಯೊಂದೇ ಸಲಸಲಕ್ಕೂ ಬತ್ತುತ್ತಿತ್ತು. ಆಗ ಕಲ್ಲನ್ನು ಬಿಟ್ಟು ಗಡಿಗೆಯನ್ನು ತಿರುಗಿಸಿ ನೋಡಿದೆ.

ಆ ಗಡಿಗೆ ಹೊಸದಲ್ಲ. ಅಮ್ಮ ಹರಳೆಣ್ಣೆ ಕಾಯಿಸುತ್ತಿದ್ದ ಜೋಡಿ ಗಡಿಗೆಗಳಲ್ಲಿ ಒಂದು. ಹರಳು ಹುರಿದು ಕುಟ್ಟಿ ನೀರಲ್ಲಿ ಕುದಿಸಿ, ತೇಲಿದ ಎಣ್ಣೆಯನ್ನು ಬಳಿದು ತೆಗೆಯುತ್ತಿದ್ದಳಲ್ಲ, ಇಪ್ಪತ್ತು ವರ್ಷ ಮಣ್ಣು ಎಣ್ಣೆ ಕುಡಿದಿದೆ. ಅದು ನಿನ್ನ ಕೈಗೆ ಹೇಗೆ ಬಂತೆಂದು ಆಮೇಲೆ ಬರೆಯುತ್ತೇನೆ. ಜೋಡಿಯ ಇನ್ನೊಂದು ಗಡಿಗೆ ಅಟ್ಟದ ಮೇಲಿತ್ತು. ಕೆಳಗಿಳಿಸಿ, ಜಯಮಂಗಲಿ ಹೊಳೆಯಿಂದ ಮರಳು ತರಿಸಿ ತೊಳೆದು ಒಣಗಿಸಿ, ಬರೀ ಮರಳು ತುಂಬಿ ಒಲೆಗಿಟ್ಟೆ. ಎರಡು ಚಮಚ ಎಣ್ಣೆ ಬಂತು, ಅದೇ ಕಂದು ಬಣ್ಣ, ಅದೇ ಕಮಟು ನಾತ. ಸುಟ್ಟ ಮೇಲೆ ಹರಳೆಣ್ಣೆಗೆ ಹರಳೆಣ್ಣೆಯ ವಾಸನೆ ಉಳಿಯುವುದಿಲ್ಲ, ಅದಕ್ಕೇ ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಕುಂಬಾರರ ಮನೆಯಿಂದ ಹೊಸ ಗಡಿಗೆ ತಂದು ನಿನ್ನ ಕಲ್ಲು ತುಂಬಿದೆ. ಮೊದಲನೆಯದು ಬೆಂಕಿಗೆ ಸೀಳಿತು. ಎರಡನೆಯದೂ ಸೀಳಿತು. ಛಲ ಬಿಡಲಿಲ್ಲ, ಮೂರನೆಯದಕ್ಕೆ ಹೊರಗೆಲ್ಲ ಮಣ್ಣು ಮೆತ್ತಿ ಸಣ್ಣ ಉರಿಯಿಂದ ಏರಿಸಿದೆ. ಸಂಜೆಯವರೆಗೆ ಕೂತೆ. ಲೋಟದಲ್ಲಿ ಬರೀ ನೀರು.

ಇದು ಹೀಗೇಕೆ ಎಂದೂ ಯೋಚಿಸಿದೆ. ನೀನೇ ಹೇಳಿದ್ದೆ, ಕೋಟ್ಯಂತರ ವರ್ಷದ ಹಿಂದೆ ನಿಂತ ನೀರಿನ ಕೆಸರಲ್ಲಿ ಪಾಚಿ, ಸಣ್ಣ ಜೀವಿಗಳು ಪೂರ್ತಿ ಕೊಳೆಯದೆ ಸೇರಿಕೊಂಡು ಕೆಸರು ಕಲ್ಲಾಗುತ್ತದೆ, ಅದರೊಳಗೆ ಇರುವುದು ಎಣ್ಣೆಯಲ್ಲ, ಕಾಯಿಸಿದರೆ ಎಣ್ಣೆಯಾಗುವ ಪದಾರ್ಥ ಎಂದು. ಸ್ಕಾಟ್ಲೆಂಡಿನಲ್ಲಿ ಅಂಥ ಕಲ್ಲಿನಿಂದಲೇ ದೀಪದೆಣ್ಣೆ ತೆಗೆದರೆಂದೂ ಹೇಳಿದ್ದೆ. ಸರಿ, ನಮ್ಮ ಕಲ್ಲು ನೋಡು. ಕೈಗೆ ಮಸಿ ಹತ್ತುತ್ತದೆ, ಪೆನ್ಸಿಲಿನ ಹಾಗೆ ಗೀಚುತ್ತದೆ. ಸ್ಕೂಲಿನ ಸುಣ್ಣದ ಗೋಡೆಯ ಮೇಲೆ ಮಕ್ಕಳು ಅದರಲ್ಲೇ ನವಿಲು ಬರೆದಿದ್ದಾರೆ. ಹರಳನ್ನು ಹುರಿಯುವಾಗ ಉರಿ ಮೀರಿದರೆ ಅದು ಕರಕಾಗುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಎಣ್ಣೆ ಬಿಡುವುದಿಲ್ಲ. ಈ ಕಲ್ಲನ್ನೂ ಭೂಮಿ ಯಾವತ್ತೋ ಒಮ್ಮೆ ಹೊಟ್ಟೆಯಲ್ಲಿಟ್ಟು ಹುರಿದುಬಿಟ್ಟಿದೆ. ಎಣ್ಣೆ ಆಗಲೇ ಹೋಗಿ ಕರಕು ಮಾತ್ರ ಉಳಿದಿದೆ. ನಿನ್ನ ಪುಸ್ತಕದಲ್ಲಿ ಇದಕ್ಕೊಂದು ದೊಡ್ಡ ಹೆಸರಿರಬಹುದು, ಹುಡುಕಿ ನೋಡು.

ಇಷ್ಟೆಲ್ಲ ಆದಮೇಲೆ ಭಾನುವಾರ ಗಂಗಹನುಮಯ್ಯನ ಹೊಲಕ್ಕೆ ಹೋಗಿದ್ದೆ. ನೀನು ಕಲ್ಲು ಮುಟ್ಟಬೇಡವೆಂದು ಹೇಳಿಹೋದ ದಿನದಿಂದ ಅವನು ಬಾವಿ ತೋಡುವುದನ್ನೇ ನಿಲ್ಲಿಸಿದ್ದಾನೆ. "ನಿಮ್ ತಮ್ಮಯ್ಯ ಬಂದು ಹೇಳಾಗಂಟ ಗುದ್ಲಿ ಇಕ್ಕಾಕಿಲ್ಲ ಕಣಮ್ಮ" ಎಂದ. ಹೆಂಡತಿ ಎರಡು ಬಿಂದಿಗೆ ನೀರಿಗೆ ಊರಾಚೆ ನಡೆಯುತ್ತಾಳೆ, ಒಂದು ಮಾತು ಗೊಣಗಿಲ್ಲ. ನನಗೆ ನಾಚಿಕೆಯಾಯಿತು. ನೀವು ತೋಡಿಸಿ, ನನ್ನ ತಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ ಎಂದು ಹೇಳಿ ಬಂದಿದ್ದೇನೆ.

ಈ ವರದಿಯ ಮೇಲೆಯೇ ನಿನ್ನ ಕೆಲಸ ಕಾಯಂ ಆಗುವುದೆಂದು ನನಗೆ ಗೊತ್ತು. ಅದಕ್ಕೇ ಮೂರು ದಿನ ಕಾಗದ ಬರೆಯದೆ ಒದ್ದಾಡಿದೆ. ಸುಮ್ಮನಿದ್ದರೆ ಸೋಮವಾರ ನಿನಗೆ ಚಪ್ಪಾಳೆ ಬೀಳುತ್ತದೆ, ಆರು ತಿಂಗಳ ಮೇಲೆ ಅವರ ಒಲೆಯಲ್ಲಿ ಬರೀ ನೀರು ಬಂದಾಗ ನಿನ್ನನ್ನು ಸುಳ್ಳನೆನ್ನುತ್ತಾರೆ. ನೀನು ಸುಳ್ಳನಲ್ಲ. ಸೋಮವಾರ ಕೆಮ್ಮಿಕೊಂಡಾದರೂ ಎದ್ದು ನಿಲ್ಲು. ಎಣ್ಣೆ ಹೇಗೆ ಬಂತು, ಹೇಗೆ ಬರಲಿಲ್ಲ, ಎರಡನ್ನೂ ಹೇಳು. ಕಾಯಂ ಆಗದಿದ್ದರೆ ಮನೆಗೆ ಬಾ, ನನ್ನ ಸಂಬಳದಲ್ಲಿ ಇಬ್ಬರು ಉಣ್ಣಬಹುದು. ನಿನ್ನ ಕಲ್ಲಿನ ಹುಚ್ಚು ಬಿಡಬೇಕೆಂದು ನಾನು ಹೇಳುವುದಿಲ್ಲ.

ಮೈ ನೋಡಿಕೋ. ಮಲಗುವ ಮುಂಚೆ ಅಪ್ಪ ಅಮ್ಮನನ್ನು ನೆನೆದು ವಿಭೂತಿ ಇಟ್ಟುಕೋ. ಶಿವ ನಿನಗೆ ಗಟ್ಟಿ ಎದೆ ಕೊಡಲಿ.

ನಿನ್ನ ಅಕ್ಕ,
ಸಿದ್ದಗಂಗಮ್ಮ

ಮರೆತದ್ದು: ಮಕ್ಕಳು ಊಟ ಮುಗಿಸಿ ಬಂದರು, ಬೇಗ ಬರೆಯುತ್ತೇನೆ. ಮರೆತದ್ದೂ ಅಲ್ಲ, ಬರೆಯಲು ಕೈ ಬರಲಿಲ್ಲ. ನೀನು ಆ ದಿನ ಹೊಸ ಗಡಿಗೆಯನ್ನೇ ಕೇಳಿದ್ದೆ. ಹೊಸದು ಉರಿಗೆ ಸೀಳುತ್ತದೆ, ಎಣ್ಣೆ ಕುಡಿದದ್ದು ತಡೆಯುತ್ತದೆ ಎಂದು ನಾನೇ ಹಳೆಯದನ್ನು ಬೂದಿ ಹಾಕಿ ತಿಕ್ಕಿ, ಹೊಸದೆಂದು ಹೇಳಿ ಕೊಟ್ಟೆ. ನಿನ್ನ ಕೆಲಸ ಕೆಡದಿರಲೆಂದು ಮಾಡಿದೆ, ಅದರಿಂದಲೇ ಕೆಟ್ಟಿತು. ನೀನು ಎಲ್ಲೂ ತಪ್ಪಲಿಲ್ಲ ಮಲ್ಲ. ಇದ್ದಿಲು ಉರಿಸಿ ಓಡುವ ಬಸ್ಸಿನ ಕಂಡಕ್ಟರ್ ಅಡವಯ್ಯನ ಕೈಲಿ ಬಾಟಲಿ ಕಳಿಸಿದ್ದೇನೆ, ಮೇಲೆ "ಮರಳಿನ ಎಣ್ಣೆ" ಎಂದು ಚೀಟಿ ಅಂಟಿಸಿದೆ. ಅದನ್ನು ಅವರ ಮೇಜಿನ ಮೇಲಿಟ್ಟು ಹಚ್ಚಿ ತೋರಿಸು. ಗಡಿಗೆ ಕೊಟ್ಟವರು ಯಾರೆಂದು ಕೇಳಿದರೆ ಮನೆಯ ಹೆಂಗಸು ಎಂದು ಜಾರಿಕೊಳ್ಳಬೇಡ, ನನ್ನ ಹೆಸರು ಹೇಳು. ಮರಳು ಕಾಯಿಸಿದವರು ಯಾರೆಂದು ಕೇಳಿದರೂ ಅದೇ ಹೆಸರು ಹೇಳು.