ಚಿತ್ರದಲ್ಲಿಲ್ಲದ ದದ್ದು

ಅಕ್ಕಾ,

ಕಾರ್ಡು ಚಿಕ್ಕದು, ಬೇಗ ಹೇಳಿಬಿಡುತ್ತೇನೆ. ಈ ಪರದೇಶದ ನರ್ಸಿಂಗ್ ಕಾಲೇಜಿನಲ್ಲಿ ಕೊಟ್ಟ ರಬ್ಬರ್ ಕೈಗವಸಿನಿಂದ ನನಗೂ ಪಕ್ಕದ ಬಿಳಿ ಹುಡುಗಿಗೂ ಒಂದೇ ದಿನ ಕೈತುಂಬ ದದ್ದು ಎದ್ದಿತು. ಮೇಡಂ ಪಾಠದ ಪುಸ್ತಕದಲ್ಲಿದ್ದ ದದ್ದಿನ ಚಿತ್ರದ ಪಕ್ಕ ಅವಳ ಕೈ ಇಟ್ಟು ನೋಡಿದರು. ಅವಳಿಗೆ ಮುಲಾಮು, ಎರಡು ದಿನ ರಜೆ. ಆಮೇಲೆ ನನ್ನ ಕೈ ಇಟ್ಟರು.

"ಕೆಂಪಗಾಗಿಲ್ವಲ್ಲಮ್ಮ, ನಿಂಗೇನೂ ಆಗಿಲ್ಲ, ಹೋಗು."

"ಮುಟ್ಟಿ ನೋಡಿ ಮೇಡಂ, ಗಂಟು ಗಂಟಾಗಿದೆ."

"ಚಿತ್ರದಲ್ಲಿ ಹಾಗಿಲ್ವಲ್ಲ!"

ಪುಸ್ತಕವನ್ನೆಲ್ಲ ತಿರುವಿ ಹಾಕಿದೆ. ನಾನೂರು ಚಿತ್ರಗಳಲ್ಲಿ ನಮ್ಮ ಬಣ್ಣದ ಕೈ ಒಂದೇ ಒಂದು, ಅದೂ ನೆಲ ಒರೆಸುವ ಪಾಠದಲ್ಲಿ. ಪಕ್ಕದ ಹುಡುಗಿ ಅರ್ಧ ಮುಲಾಮು ಕೊಟ್ಟಿದ್ದಾಳೆ, ಪುಣ್ಯಾತ್ಗಿತ್ತಿ.

ಆರೋಗ್ಯವಾಗಿದ್ದೇನೆಂದು ಅಮ್ಮನಿಗೆ ಹೇಳು, ಪುಸ್ತಕವೂ ಹಾಗೇ ಹೇಳುತ್ತದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಕೆರೆದುಕೊಳ್ಳುತ್ತಲೇ ಬರೆದೆ.

ನಿನ್ನ ತಂಗಿ