ನೀರಿಗೆ ಬಿಟ್ಟುಕೊಟ್ಟ ಜಾಗ

ಹಿರಿಯೂರು
೨೪ ಅಕ್ಟೋಬರ್ ೨೦೨೪

ಪ್ರೀತಿಯ ತಮ್ಮ ರಂಗೇಶನಿಗೆ ಗಂಗಕ್ಕನ ಆಶೀರ್ವಾದ.

ನಾವು ಇಲ್ಲಿ ಚೆನ್ನಾಗಿದ್ದೇವೆ. ನೀನು, ಪಲ್ಲವಿ, ಮಗು ಹೊಸದುರ್ಗದಲ್ಲಿ ಆರಾಮಾಗಿದ್ದೀರಿ ಎಂದು ಅಮ್ಮ ಹೇಳಿದಳು. ಎಂಟು ತಿಂಗಳ ಹಿಂದೆಯೇ ಬರೆಯಬೇಕಿತ್ತು, ತಡವಾದದ್ದು ನನ್ನ ತಪ್ಪು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿರುವುದರಿಂದ ಕಾಗದವನ್ನು ಅಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಹರಿದು ಹಾಕುವ ಮುಂಚೆ ಒಂದು ಸಲ ಓದು ಕಣೋ.

ಕಳೆದ ವಾರ ಇಲ್ಲಿ ಎರಡು ದಿನ ಬಿಡದೆ ಮಳೆ ಹೊಯ್ಯಿತು. ನಾನು ನಕ್ಷೆ ಹಾಕಿದ ಸಂತೆ ಮೈದಾನ ಮೊಣಕಾಲುದ್ದ ತುಂಬಿತು. ತುಂಬಲೆಂದೇ ಅದನ್ನು ತಗ್ಗು ಮಾಡಿಸಿದ್ದು. ಅಂಗಡಿಗಳೆಲ್ಲ ಎತ್ತರದ ಕಟ್ಟೆಯ ಮೇಲಿರುವುದರಿಂದ ಒಂದರೊಳಗೂ ನೀರು ನುಗ್ಗಲಿಲ್ಲ. ಮಾರನೆಯ ದಿನ ಮಧ್ಯಾಹ್ನಕ್ಕೆ ನೀರೆಲ್ಲ ಕಾಲುವೆ ಹಿಡಿದು ಹಳ್ಳ ಸೇರಿತ್ತು. ಹೂ ಮಾರುವ ಏಕಾಂತಮ್ಮ ನನ್ನನ್ನು ಕರೆದು, "ಏ ಗಂಗಾ, ಹ್ವಾದ್ ಸಲ ಹೂವಿನ್ ಬುಟ್ಟಿ ಕೊಚ್ಕಂಡ್ ಹೋಗಿತ್ತಲ್ಲ, ಈ ಸಲ ಕುಂತಲ್ಲೇ ಕುಂತ್ಕಂಡು ಮಾಲೆ ಕಟ್ಟೀನಿ ನೋಡು" ಎಂದಳು. ಸುಳ್ಳೇಕೆ ಹೇಳಲಿ, ಹಿಗ್ಗಿಹೋದೆ.

ಆ ಹಳೇ ಕಾಲುವೆ ಯಾವ ನಕ್ಷೆಯಲ್ಲೂ ಇರಲಿಲ್ಲ. ಆ ಮೈದಾನದಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದ ಅಪ್ಪನೇ ಅದನ್ನು ತೋರಿಸಿದ್ದು. "ಈ ಪಟ್ಟೆ ಮ್ಯಾಲೆ ಕುರಿ ಮಲಗಲ್ಲ ಕಣವ್ವ. ಬ್ಯಾಸ್ಗೇಲೂ ಥಂಡಿ ಇರ್ತೈತೆ. ಕೆಳಗೆ ನೀರಿನ ದಾರಿ ಐತೆ" ಎಂದು ಕೋಲಿನಿಂದ ಗೀರು ಎಳೆದರು. ಅಗೆಸಿದರೆ ಮಣ್ಣು ಮುಚ್ಚಿದ್ದ ಕಲ್ಲಿನ ಕಾಲುವೆ ಸಿಕ್ಕಿತು. ಅದರ ಮೇಲೆಯೇ ನಿನ್ನ ಪಂಕ್ಚರ್ ಅಂಗಡಿ ಇತ್ತು, ಹನ್ನೊಂದು ವರ್ಷದ ಅಂಗಡಿ. ಕೆಡವಲೆಂದು ಅದರ ಗೋಡೆಗೆ ಕೆಂಪು ಗುರುತು ಹಾಕಿದವಳು ನಾನೇ. "ಊರಿಗೆಲ್ಲ ಒಳ್ಳೇದ್ ಮಾಡ್ತೀಯ, ನನ್ ಮ್ಯಾಲೆ ಮಾತ್ರ ಜೆಸಿಬಿ ತರ್ತೀಯೇನಕ್ಕ?" ಎಂದು ನೀನು ಕೇಳಿದೆ. ನೀರು ಯಾರ ಮುಲಾಜೂ ನೋಡಲ್ಲ ಎಂದು ನಾನು ನಾಲ್ಕು ಜನರ ಎದುರು ದೊಡ್ಡ ಮಾತಾಡಿದೆ. ಹಾಗೆ ಅನ್ನಬಾರದಿತ್ತು.

ಹೊಸ ಅಂಗಡಿಗಳಲ್ಲಿ ಏಳನೆಯದು ನಿನ್ನ ಹೆಸರಿನಲ್ಲಿದೆ. ಗಾಡಿ ಹತ್ತಿಸಲು ಇಳಿಜಾರು ಇದೆ, ಮುಂದೆ ಹೊಂಗೆ ಸಸಿ ನೆಡಿಸಿದ್ದೇನೆ. ಈ ತಿಂಗಳ ಮೂವತ್ತರೊಳಗೆ ಬಂದು ಸಹಿ ಹಾಕದಿದ್ದರೆ ಬೇರೆಯವರ ಪಾಲಾಗುತ್ತದೆ. ಅಪ್ಪ ದಿನಾ ಅದರ ಬಾಗಿಲಲ್ಲಿ ಕೂತು ಬರುತ್ತಾರೆ. ಸಿಟ್ಟು ಇಟ್ಟುಕೊಂಡೇ ಬಾ, ಆದರೆ ಬಾ.

ಪಲ್ಲವಿಯನ್ನು ಕೇಳಿದೆನೆಂದು ಹೇಳು. ಮಗುವಿಗೆ ಮುತ್ತು. ಮೂವರಿಗೂ ಒಳ್ಳೆಯದಾಗಲಿ.

ನಿನ್ನ
ಗಂಗಕ್ಕ

ಮರೆತ ಮಾತು: ಮರೆತದ್ದಲ್ಲ, ಹೇಳಲು ಧೈರ್ಯ ಬಂದಿರಲಿಲ್ಲ. ಸಹಿ ಹಾಕುವ ಮುಂಚೆ ನಿನಗೆ ಇದು ಗೊತ್ತಿರಬೇಕು. ನಮ್ಮ ಹಿರಿಯ ಎಂಜಿನಿಯರ್ ಶಿವಕುಮಾರಪ್ಪನವರು ಆಗಲೇ, "ಕಾಲುವೇನ ನಾಲ್ಕಡಿ ಪಕ್ಕಕ್ಕೆ ಬಾಗಿಸಮ್ಮ, ನಿನ್ ತಮ್ಮನ ಅಂಗಡಿ ಉಳೀತೈತೆ" ಎಂದಿದ್ದರು. ಲೆಕ್ಕ ಹಾಕಿ ನೋಡಿದೆ. ನೀರೂ ಸಲೀಸಾಗಿ ಹೋಗುತ್ತಿತ್ತು, ಅಂಗಡಿಯೂ ಉಳಿಯುತ್ತಿತ್ತು. ತಮ್ಮನದ್ದನ್ನು ಉಳಿಸಿಕೊಂಡಳು ಎಂದು ಊರು ಆಡಿಕೊಳ್ಳುತ್ತದೆಂದು ಹೆದರಿ ಆ ಗೆರೆ ಎಳೆಯಲಿಲ್ಲ. ಬೇರೆ ಯಾರ ಅಂಗಡಿಯಾಗಿದ್ದರೂ ಬಾಗಿಸುತ್ತಿದ್ದೆ.