ಹುರುಳಿ ಹೊಲದ ವಿಡಿಯೋ

ಹಂಗಳ
6 ಜುಲೈ 2025, ಭಾನುವಾರ

ಪ್ರೀತಿಯ ಸಿಂಧು,

ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಆ ವಿಡಿಯೋದವರ ಮೇಲೆ ಬರೆದು ನನ್ನ ಸಹಿಗೆ ಅಂತ ನೀನು ಚಾಮರಾಜನಗರದಿಂದ ಕಳಿಸಿದ ದೂರಿನ ಹಾಳೆ ಬಂದು ಹದಿನೆಂಟು ದಿನವಾಯಿತು. ನೀನು ಮೂರು ಸಲ ಫೋನ್ ಮಾಡಿದಾಗಲೂ ಹೊಲದಲ್ಲಿದ್ದೇನೆ ಅಂತ ಹೇಳಿ ಇಟ್ಟುಬಿಟ್ಟೆ. ಅದರಲ್ಲಿ ಎರಡು ಸಲ ಮನೆಯಲ್ಲೇ ಇದ್ದೆ. ಬೇಜಾರು ಮಾಡಿಕೊಳ್ಳಬೇಡ. ಕೆಲವು ಮಾತು ನನಗೆ ಬಾಯಲ್ಲಿ ಬರುವುದಿಲ್ಲ, ಬರೆಯಲು ಕೂತರೆ ಬರುತ್ತದೆ. ಅದು ನಿನಗೂ ಗೊತ್ತು.

ಮಳೆ ಪರವಾಗಿಲ್ಲ. ಸೂರ್ಯಕಾಂತಿ ಅರಳಿದೆ. ರಸ್ತೆಯುದ್ದಕ್ಕೂ ಕಾರು ನಿಲ್ಲಿಸಿ ಹೊಲಕ್ಕೆ ನುಗ್ಗಿ ಫೋಟೋ ತೆಗೆಯುತ್ತಿದ್ದಾರೆ. ಮೊನ್ನೆ ಒಬ್ಬಳು ಟ್ರ್ಯಾಕ್ಟರ್ ಮೇಲಿದ್ದ ನನ್ನನ್ನು ನೋಡಿ ಫೋನ್ ಎತ್ತಿದಳು. ಸೆರಗನ್ನು ಮುಖಕ್ಕೆ ಎಳೆದುಕೊಂಡು ಹೋದೆ.

ಹೋದ ಅಕ್ಟೋಬರಿನಲ್ಲಿ ನಮ್ಮ ವಿಡಿಯೋ ಮಾಡಿಕೊಂಡು ಹೋದ ಆ ಚಾನೆಲ್ಲಿನವನು ಮಂಗಳವಾರ ಮತ್ತೆ ಫೋನ್ ಮಾಡಿದ್ದ. "ಅಮ್ಮಾ, ಸರ್ ತೀರಿಕೊಂಡ ವಿಷಯ ಗೊತ್ತಾಯ್ತು, ತುಂಬಾ ಬೇಜಾರಾಯ್ತು" ಅಂದ. ಅದರ ಹಿಂದೆಯೇ, "ಪಾರ್ಟ್ ಟೂ ಮಾಡೋಣ. ಫೋಟೋಗೆ ಹಾರ ಹಾಕಿರಿ. ನೀವು ಅದರ ಮುಂದೆ ಅತ್ತು, ಕಣ್ಣು ಒರೆಸ್ಕೊಂಡು ಬಂದು ಟ್ರ್ಯಾಕ್ಟರ್ ಹತ್ತಬೇಕು. ಹಣೇಲಿ ಏನೂ ಇಡಬೇಡಿ, ಎಫೆಕ್ಟ್ ಇರುತ್ತೆ" ಅಂದ. ಫೋನ್ ಕೆಳಗಿಟ್ಟು ಸೋಪು ಹಾಕಿ ಕೈ ತೊಳೆದುಕೊಂಡೆ.

ನಿಮ್ಮಪ್ಪನಿಗೆ ಉಬ್ಬಸ, ಹೊಲದ ಧೂಳು ಆಗುತ್ತಿರಲಿಲ್ಲ. ನನಗೆ ಒಲೆ ಮುಂದೆ ನಿಲ್ಲುವುದು ಆಗುತ್ತಿರಲಿಲ್ಲ. ನಮ್ಮಪ್ಪ ಟ್ರ್ಯಾಕ್ಟರ್ ಓಡಿಸುವುದು ಕಲಿಸಿದ್ದರು. ಹೊಲ ನನಗೆ, ಅಡುಗೆ ಅವರಿಗೆ ಅಂತ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ಆಯಿತು, ಇಪ್ಪತ್ತಾರು ವರ್ಷ ನಡೆಯಿತು. ನಿನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವರೂ ಅವರೇ. ಊರಿನವರು ನಗುತ್ತಿರಲಿಲ್ಲ ಅಂತಲ್ಲ. ಪಕ್ಕದ ಮನೆಯ ಬೆಟ್ಟಯ್ಯಣ್ಣ ಬೇಲಿ ಆಚೆಯಿಂದ, "ಏನ್ಲಾ ಕುಮಾರ, ಇವತ್ತು ಏನ್ ಸಾರ್ಲಾ?" ಅನ್ನುತ್ತಿದ್ದ. ಇವರು, "ಉಳ್ಳಿಕಾಳ್ ಸಾರು ಕಣ್ಲಾ. ನಿನ್ನೆಂಡ್ರು ಉಪ್ಪಾಕೋದ ಮರ್ತಿದ್ರೆ ಬಾ ಇಲ್ಗೆ" ಅನ್ನುತ್ತಿದ್ದರು. ಅವನು ಬಟ್ಟಲು ಹಿಡಿದು ಬಂದೂ ಬಿಡುತ್ತಿದ್ದ. ಆ ನಗು ಯಾರ ಎದೆಗೂ ನಾಟುತ್ತಿರಲಿಲ್ಲ.

ವಿಡಿಯೋ ನೀನೂ ನೋಡಿದ್ದೀಯ. ಹುರುಳಿಗೆ ಹೊಲ ಉಳುವ ದಿನ ನನಗೆ ಮದುವೆಯ ಕೆಂಪು ಸೀರೆ ಉಡಿಸಿದರು. ಉಳುವವಳು ರೇಷ್ಮೆ ಉಡುತ್ತಾಳಾ ಅಂತ ಕೇಳಿದೆ. "ಜನ ನೋಡ್ಬೇಕಲ್ಲಮ್ಮಾ" ಅಂದ. ನಾನು ಟ್ರ್ಯಾಕ್ಟರ್ ಹತ್ತಿದರೆ ನಗಾರಿ ಸದ್ದು, ದೇವರು ಮೈಮೇಲೆ ಬಂದ ಹಾಗೆ. ನಿಮ್ಮಪ್ಪ ಮುದ್ದೆ ತಿರುವಿದರೆ ಪೀಪಿ ಸದ್ದು. ಉಬ್ಬಸಕ್ಕೆ ಅವರು ಎದೆ ಹಿಡಿದು ನಿಂತದ್ದನ್ನು ತೋರಿಸಿ, ಕೆಳಗೆ "ಪಾಪ, ಸುಸ್ತಾಯ್ತು" ಅಂತ ಬರೆದರು. ಉಬ್ಬಸದ ವಿಚಾರ ಅವನಿಗೆ ಎರಡು ಸಲ ಹೇಳಿದ್ದೆ. ಅದನ್ನು ಕತ್ತರಿಸಿ ಹಾಕಿದರು. ಕೊನೆಗೆ ನನ್ನ ಮುಖ ದೊಡ್ಡದಾಗಿ ಬರುತ್ತದೆ, ಆ ಮಾತು ಬರುತ್ತದೆ: "ಇವ್ರ ಕೈಲಿ ಏನಾಯ್ತದೆ? ಈ ಮನೇಲಿ ಗಂಡ್ಸು ನಾನೇ." ಆಮೇಲೆ ಚಪ್ಪಾಳೆ.

ಒಂಬತ್ತು ಲಕ್ಷ ಜನ ನೋಡಿದರಂತೆ. ಕೆಳಗೆ ಬರೆದದ್ದನ್ನೆಲ್ಲ ನಾನು ಓದಿದೆ, ಓದಬಾರದಿತ್ತು. ನನಗೆ ಸಿಂಹಿಣಿ ಅಂದಿದ್ದಾರೆ. ಅವರಿಗೆ ಬಳೆ ತೊಡಿಸಿ ಅಂದಿದ್ದಾರೆ. ಬೈಗುಳಕ್ಕಿಂತ ಹೊಗಳಿಕೆಯೇ ನನಗೆ ಹೆಚ್ಚು ಹೇಸಿಗೆಯಾಯಿತು. ನನ್ನನ್ನು ಮೇಲೇರಿಸಲು ಗಂಡಸು ಅಂದರು, ಅವರನ್ನು ತುಳಿಯಲು ಹೆಂಗಸು ಅಂದರು. ಹಾಗಾದರೆ ಹೆಂಗಸು ಅನ್ನುವುದೇ ಬೈಗುಳವಾಯಿತಲ್ಲ. ಟಿವಿ ಸೀರಿಯಲ್ಲಿನಲ್ಲೂ ಗಂಡಸು ಸೌಟು ಹಿಡಿದರೆ ಇದೇ ಪೀಪಿ. ಅದನ್ನು ನೋಡಿ ನಾನೂ ಎಷ್ಟೋ ವರ್ಷ ನಕ್ಕಿದ್ದೇನೆ, ನಿಮ್ಮಪ್ಪನ ಪಕ್ಕದಲ್ಲೇ ಕೂತು, ಅವರು ಬಡಿಸಿದ್ದನ್ನೇ ಉಣ್ಣುತ್ತಾ.

ಆಮೇಲಿನದು ನಿನಗೆ ಅರ್ಧ ಮಾತ್ರ ಗೊತ್ತು. ತೆರಕಣಾಂಬಿ ಸಂತೆಯಲ್ಲಿ ನಿಮ್ಮಪ್ಪ ಬದನೆಕಾಯಿ ಆರಿಸುವಾಗ ಯಾರೋ ಇಬ್ಬರು ಹಿಂದೆ ನಿಂತು ಬಾಯಲ್ಲೇ ಆ ಪೀಪಿ ಊದಿದರಂತೆ. ಖಾಲಿ ಚೀಲ ಹಿಡಿದು ಮನೆಗೆ ಬಂದರು. ಹೊಲಕ್ಕೆ ಊಟ ತರುವುದನ್ನು ಬಿಟ್ಟರು. ಅಡುಗೆ ಮಾಡುವಾಗ ಬೀದಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೆಟ್ಟಯ್ಯಣ್ಣ ಸಾರು ಯಾವುದು ಅಂತ ಕೇಳಿದರೆ ಒಳಗೆ ಹೋಗಿಬಿಡುತ್ತಿದ್ದರು. ಮಾರ್ಚಿನಲ್ಲಿ ಒಂದು ಬೆಳಿಗ್ಗೆ, "ಇವತ್ತಿಂದ ಅರಿಶಿನ ಪಾಲಿಶ್‌ಗೆ ಓಯ್ತೀನಿ" ಅಂದರು.

"ಆ ಧೂಳ್ಗೆ ನಿಮ್ಗೆ ಉಸ್ರು ಕಟ್ಕತದೆ, ಬ್ಯಾಡಿ" ಅಂದೆ.

"ಗಂಡುಸ್ರೆಲ್ಲಾ ಮಾಡಲ್ವಾ, ಬುಡು" ಅಂದರು.

ಒಣಗಿದ ಅರಿಶಿನವನ್ನು ಡ್ರಮ್ಮಿಗೆ ತುಂಬಿ ತಿರುಗಿಸುವಾಗ ಏಳುವ ಧೂಳು ನೀನು ನೋಡಿದ್ದೀಯ, ಎದುರಿಗಿದ್ದವರು ಕಾಣುವುದಿಲ್ಲ. ಆರು ದಿನ ಹೋದರು. ಏಳನೆಯ ದಿನ ಆಸ್ಪತ್ರೆಯಲ್ಲಿ ನೀನೇ ಇದ್ದೆ. ಅವರ ಕಿವಿಯೊಳಗೆಲ್ಲ ಹಳದಿ. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದವಳು ನಾನು. ಈಗಲೂ ಸಾರಿಗೆ ಅರಿಶಿನ ಹಾಕಲು ನನ್ನ ಕೈ ಹೋಗುವುದಿಲ್ಲ.

ನಿನ್ನ ದೂರಿನಲ್ಲಿರುವುದು ಸರಿಯಾಗಿಯೇ ಇದೆ. ಪೀಪಿ ಸದ್ದು, ಉಬ್ಬಸ ಮುಚ್ಚಿಟ್ಟದ್ದು, ಸಂತೆಯ ಅವಮಾನ, ಎಲ್ಲ ಇರಲಿ. ನಾಲ್ಕನೆಯ ಸಾಲು ಒಂದು ಬೇಡ: "ಸದರಿ ಮಾತನ್ನು ನಾನು ಆಡಿರುವುದಿಲ್ಲ, ಬೇರೆಯವರ ಧ್ವನಿ ಸೇರಿಸಿದ್ದಾರೆ." ಅದಕ್ಕೆ ನಾನು ಸಹಿ ಹಾಕಲಾರೆ. ಹಾಳೆಯನ್ನು ಇದರೊಳಗೇ ಮಡಿಸಿ ಇಟ್ಟಿದ್ದೇನೆ. ಆ ಸಾಲು ತೆಗೆದು ಬೇರೆ ಬರೆಸಿ ಕಳಿಸು, ಅವತ್ತೇ ಹಾಕುತ್ತೇನೆ.

ನೀವಿಬ್ಬರೂ ಒಬ್ಬರಿಗೊಬ್ಬರು ಉಂಡಾಯ್ತಾ ಅಂತ ಕೇಳಿಕೊಂಡು ನೂರು ಕಾಲ ಬಾಳಿ. ಮಾದಪ್ಪ ನಿಮ್ಮನ್ನು ಕಾಯಲಿ.

ನಿನ್ನ ಅವ್ವ,
ಸಣ್ಣಮ್ಮ

ಮತ್ತೆ: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಆ ಮಾತು ನನ್ನದೇ ಸಿಂಧು. "ಸ್ವಲ್ಪ ಖಡಕ್ಕಾಗಿ ಹೇಳಿ, ಈ ಮನೇಲಿ ಗಂಡಸು ನಾನೇ ಅಂತ" ಅಂತ ಆ ಚಾನೆಲ್ಲಿನವನು ಹೇಳಿಕೊಟ್ಟ. ಎರಡು ಸಲ ಸರಿ ಬರಲಿಲ್ಲ. ಮೂರನೆಯ ಸಲ ನಕ್ಕು ಹೇಳಿದೆ. "ಸೂಪರ್ ಅಮ್ಮಾ" ಅಂದಾಗ ನನಗೆ ಖುಷಿಯೂ ಆಯಿತು. ತಿರುಗಿದರೆ ನಿಮ್ಮಪ್ಪ ಬದುವಿನ ಮೇಲೆ ನಿಂತಿದ್ದರು, ಎಲ್ಲರಿಗೂ ಮಜ್ಜಿಗೆ ತಂದಿದ್ದರು. ಮೊದಲ ಲೋಟ ಅವನಿಗೇ ಕೊಟ್ಟರು.

ವಿಡಿಯೋ ಬಂದ ದಿನ ನೀನು ಫೋನಿನಲ್ಲಿ ಕೂಗಾಡಿದಾಗ ನನಗೆ ಬಾಯಿ ಬರಲಿಲ್ಲ. ಅವರೇ ಫೋನ್ ತೆಗೆದುಕೊಂಡು ನಿನಗೆ ಹೇಳಿದರಲ್ಲ, "ನಿಮ್ಮವ್ವ ಅಂಗಂದಿಲ್ಲ ಕಣಮ್ಮಿ. ನಾನಲ್ಲೇ ಇದ್ನಲ್ಲ. ಅವ್ರೇ ಸೇರ್ಸವ್ರೆ" ಅಂತ. ಅದನ್ನು ನಂಬಿಯೇ ನೀನು ಆ ನಾಲ್ಕನೆಯ ಸಾಲು ಬರೆದಿದ್ದೀಯ. ಫೋನ್ ಇಟ್ಟ ಮೇಲೆ ನನ್ನ ಮುಖ ನೋಡದೆ, "ಮುದ್ದೆ ಆರೋಯ್ತದೆ, ಉಣ್ಣು ಬಾ" ಅಂದರು.

ನಾನು ಉಂಡೆ.